ಬರ್ಮಾ ರಾಣಿಯ ಹೀರೋ ನಮ್ಮ ನೆಲಮಂಗಲದವರು

ಬಣ್ಣಾರಿ ಅಮ್ಮನಿಗೆ ಕೈ ಮುಗಿದು ಘಾಟಿ ಹತ್ತೋಕೆ ಶುರು ಮಾಡಿದರೆ ಇಪ್ಪತ್ತೇಳು ತಿರುವು ಕಳೆದ ಮೇಲೆ ದಿಂಬಂ ಸಿಗುತ್ತೆ. ಯಾವುದಾದರೂ ಒಂದು ತಿರುವಿನಲ್ಲಿ ಒಂದು ಲಾರಿ ಕೆಟ್ಟು ನಿಂತಿತೋ, ಮೇಲಿನವರು ಮೇಲೆ, ಕೆಳಗಿನವರು ಕೆಳಗೆ. 2022ರ ಫೆಬ್ರವರಿಯಲ್ಲಿ ಮದರಾಸು ಹೈಕೋರ್ಟಿನ ಆದೇಶದಿಂದ ರಾತ್ರಿ ಸಂಚಾರಕ್ಕೆ ಕಟ್ಟುಪಾಡು ಬಂದ ಮೇಲಂತೂ ಕೋಸು ತುಂಬಿದವನಿಗೂ ಹೂವು ತುಂಬಿದವನಿಗೂ ಗಡಿಯಾರವೇ ಯಜಮಾನ. ಕಾಯುವುದು ನಮಗೆ ಹೊಸದಲ್ಲ ಬಿಡಿ. ಕಾಯುವಾಗ ನಮ್ಮವರು ಎರಡು ಭಾಷೆಯಲ್ಲಿ ಮಾತಾಡುತ್ತಾರೆ. ರೇಟು ತಮಿಳಿನಲ್ಲಿ, ಮನೆ ಕಷ್ಟ ಕನ್ನಡದಲ್ಲಿ.

ಹಾಗೆ ಕಾದ ಒಂದು ದಿನ ದಿಂಬಂನ ಚಹಾ ಅಂಗಡಿಯಲ್ಲಿ ಸತ್ಯಮಂಗಲದ ಕಡೆಯ ಒಬ್ಬ ಹಿರಿಯ ದವಸದ ವ್ಯಾಪಾರಿ ನನ್ನ ಪಕ್ಕ ಕೂತಿದ್ದರು. ಮಾತು ಸಿನಿಮಾಕ್ಕೆ ತಿರುಗಿತು. ಅವರ ತಂದೆ ಹುಡುಗನಾಗಿ ರಂಗೂನಿಗೆ ಹೋಗಿದ್ದವರು, 1942ರಲ್ಲಿ ಅಲ್ಲಿಂದ ಕಾಲ್ನಡಿಗೆಯಲ್ಲಿ ವಾಪಸ್ ಬಂದವರು. ಯುದ್ಧ ಮುಗಿದ ಮೇಲೆ ಟೆಂಟಿನಲ್ಲಿ 'ಬರ್ಮಾ ರಾಣಿ' ಅನ್ನೋ ತಮಿಳು ಚಿತ್ರ ನೋಡಿ, ಅರ್ಧಕ್ಕೇ ಎದ್ದು ಬಂದುಬಿಟ್ಟರಂತೆ. ತಾವು ಕಂಡ ಬರ್ಮಾ ಅದರಲ್ಲಿ ಇರಲೇ ಇಲ್ಲ ಅಂತ ಅವರ ಸಿಟ್ಟು. ಆದರೆ ಹೀರೋನ ಹಾಡು ಮಾತ್ರ ಕೊನೇವರೆಗೂ ಗುನುಗುತ್ತಿದ್ದರಂತೆ. ಆ ಹಾಡಿದ ಹೀರೋ ನಮ್ಮ ನೆಲಮಂಗಲದ ಕಡೆಯವರು ಅಂತ ನಾನು ಹೇಳಿದೆ. ಹಿರಿಯರು ನಂಬಲಿಲ್ಲ. ಅಂಥ ತಮಿಳು ಹಾಡಿದವನು ತಂಜಾವೂರಿನವನೇ ಇರಬೇಕು ಅನ್ನೋದು ಅವರ ವಾದ. ಲಾರಿ ಸರಿಯಿತು, ಅವರು ಕೆಳಗೆ ಇಳಿದರು, ನಾನು ತಾಳವಾಡಿ ಕಡೆ ಬಂದೆ. ವಾದ ಅರ್ಧಕ್ಕೇ ನಿಂತಿತು. ಅದನ್ನು ಮುಗಿಸೋಕೇ ಇವತ್ತು ಹೊನ್ನಪ್ಪ ಭಾಗವತರ ಕಥೆ ಬರೀತಿದ್ದೇನೆ.

ಕಂಪನಿ ಮನೆಯ ಹುಡುಗ

ಚಿಕ್ಕಲಿಂಗಪ್ಪ ಹೊನ್ನಪ್ಪ ಭಾಗವತರ್ ಹುಟ್ಟಿದ್ದು 1915ರ ಜನವರಿಯಲ್ಲಿ, ನೆಲಮಂಗಲ ತಾಲ್ಲೂಕಿನ ಚೌಡಸಂದ್ರದಲ್ಲಿ. ರಾಗಿ ಬೆಳೆಯುವ ನಾಡು ಅದು. ದೊಡ್ಡ ಸಂಗೀತದ ಮನೆತನ, ಅರಮನೆ ಆಸ್ಥಾನ ಇಂಥದ್ದೇನೂ ಬೆನ್ನಿಗಿರಲಿಲ್ಲ. ಇದ್ದದ್ದು ಗಂಟಲು. ಆ ಕಾಲದಲ್ಲಿ ಹಳ್ಳಿಯ ಹುಡುಗನ ಗಂಟಲು ಚೆನ್ನಾಗಿದ್ದರೆ ಅವನಿಗೆ ಎರಡೇ ದಾರಿ. ಒಂದು ಭಜನೆ ಮನೆ, ಇನ್ನೊಂದು ನಾಟಕ ಕಂಪನಿ. ಹೊನ್ನಪ್ಪನವರು ಗುಬ್ಬಿ ವೀರಣ್ಣನವರ ಕಂಪನಿ ಸೇರಿದರು.

ಗುಬ್ಬಿ ಕಂಪನಿ ಅಂದರೆ ಏನು ಅಂತ ಹೊಸ ತಲೆಮಾರಿಗೆ ಹೇಳಲೇಬೇಕು. 1884ರಲ್ಲಿ ಹುಟ್ಟಿದ ಕಂಪನಿ. ವೀರಣ್ಣನವರ ಕೈಗೆ ಬಂದ ಮೇಲೆ ಅದು ಒಂದು ಸಣ್ಣ ಊರೇ ಆಯಿತು. ಅಡುಗೆಯವರು, ಪರದೆ ಬರೆಯುವವರು, ಬಡಗಿಗಳು, ದೀಪದವರು, ಹಾರ್ಮೋನಿಯಂ ತಬಲಾದವರು, ಎಳೆ ಹುಡುಗರಿಂದ ಹಿಡಿದು ಮುದುಕರ ತನಕ ನಟರು. 1934ರ 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದರು. ಕಂಪನಿ ಮೈಸೂರು ಸೀಮೆಯಲ್ಲಷ್ಟೇ ತಿರುಗಲಿಲ್ಲ, ತಮಿಳು ಸೀಮೆಯಲ್ಲೂ ಆಂಧ್ರದಲ್ಲೂ ಕ್ಯಾಂಪ್ ಹಾಕುತ್ತಿತ್ತು. ಊರಿಂದೂರಿಗೆ ಹೋದವನು ಆಯಾ ಊರಿನ ಭಾಷೆ ಕಲಿಯದೆ ಊಟ ಸಿಗುತ್ತದೆಯೇ? ನಮ್ಮ ಗಡಿ ವ್ಯಾಪಾರಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಗಾಜನೂರಿನ ಮುತ್ತುರಾಜ, ಅಂದರೆ ಮುಂದೆ ಡಾ. ರಾಜ್‌ಕುಮಾರ್ ಆದವರು, ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು, ಇವರೂ ಅದೇ ಗುಬ್ಬಿ ಕಂಪನಿಯ ಅನ್ನ ಉಂಡವರು. ಹಾಗಾಗಿ ಹೊನ್ನಪ್ಪನವರು ನಮಗೆ ದೂರದವರೇನಲ್ಲ. ಒಂದೇ ಚಪ್ಪರದ ಕೆಳಗಿನ ನೆಂಟರು.

ಮೈಕು ಎಲ್ಲೆಡೆ ಇಲ್ಲದ ಕಾಲ ಅದು. ಹಿಂದಿನ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಪದ ಕೇಳಬೇಕು, ಅರ್ಥ ಆಗಬೇಕು, ರಾಗ ಕೆಡಬಾರದು. ಒನ್ಸ್ ಮೋರ್ ಅಂತ ಕೂಗಿದರೆ ಅದೇ ಹಾಡನ್ನು ಮತ್ತೆ ಹಾಡಬೇಕು, ಮಧ್ಯರಾತ್ರಿ ಕಳೆದರೂ ಸರಿ. ಆ ಗರಡಿಯಲ್ಲಿ ಪಳಗಿದ ಗಂಟಲಿಗೆ ಸಿನಿಮಾದ ಮೈಕು ಏನು ಮಹಾ? ಹೆಸರಿನ ಮುಂದೆ ಭಾಗವತರ್ ಅಂತ ಸೇರಿದ್ದೂ ಹಾಡಿನ ಬಲದಿಂದಲೇ.

ಕನ್ನಡಕ್ಕೆ ಮನೆಯಿರಲಿಲ್ಲ

ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' ಬಂದದ್ದು 1934ರಲ್ಲಿ, ಅದೂ ಕೊಲ್ಹಾಪುರದಲ್ಲಿ ತಯಾರಾಗಿ. ಆಮೇಲಿನ ಹತ್ತು ವರ್ಷ ಕನ್ನಡ ಚಿತ್ರಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಹೊನ್ನಪ್ಪನವರು 1941ರಲ್ಲಿ ಕನ್ನಡ 'ಸುಭದ್ರಾ'ದಲ್ಲಿ ಬಂದರು. ಆದರೆ ವರ್ಷಕ್ಕೆ ಒಂದೋ ಎರಡೋ ಚಿತ್ರ ಆಗುವ ಭಾಷೆಯಲ್ಲಿ ನಟನ ಹೊಟ್ಟೆ ತುಂಬೀತು ಹೇಗೆ? ಸ್ಟುಡಿಯೋ ಇದ್ದದ್ದು ಮದರಾಸಿನಲ್ಲಿ, ಕೊಯಮತ್ತೂರಿನಲ್ಲಿ, ಸೇಲಂನಲ್ಲಿ. ಬಂಡವಾಳ ಇದ್ದದ್ದೂ ಅಲ್ಲೇ. ಮಂಡಿ ಎಲ್ಲಿದೆಯೋ ಸರಕು ಅಲ್ಲಿಗೇ ಹೋಗಬೇಕು. ತಾಳವಾಡಿಯ ಕೋಸು ಘಾಟಿ ಇಳಿದ ಹಾಗೆ ಹೊನ್ನಪ್ಪನವರೂ ಇಳಿದರು.

ತಮಿಳಿನಲ್ಲಿ ಅವರಿಗೆ ಸಿಕ್ಕಿದ್ದು ಚಿಲ್ಲರೆ ಪಾತ್ರಗಳಲ್ಲ. 'ಸತಿ ಸುಕನ್ಯಾ', 'ಅರುಂಧತಿ', 'ಪ್ರಭಾವತಿ' ಅಂತ ಸಾಲಾಗಿ ನಾಯಕನ ಪಾತ್ರ. ಆ ಹೊತ್ತಿಗೆ ತಮಿಳು ನಾಡನ್ನೆಲ್ಲ ಹುಚ್ಚೆಬ್ಬಿಸಿದ್ದ ಹಾಡುಗಾರ ಎಂ.ಕೆ. ತ್ಯಾಗರಾಜ ಭಾಗವತರ್. ಅವರ ಎದುರು ನಿಲ್ಲುವ ಇನ್ನೊಂದು ಹೆಸರು ಪಿ.ಯು. ಚಿನ್ನಪ್ಪ. ಈ ಇಬ್ಬರ ನಡುವೆ ಕನ್ನಡದ ಹೆಸರಿಟ್ಟುಕೊಂಡ ಮೂರನೆಯವರು ನಿಂತರು. ಹೆಸರು ಬದಲಾಯಿಸಲಿಲ್ಲ ನೋಡಿ. ಹೊನ್ನಪ್ಪ ಅಂತಲೇ ತಮಿಳು ಪೋಸ್ಟರುಗಳಲ್ಲಿ ಅಚ್ಚಾಯಿತು.

ಯುದ್ಧ ಬಂತು, ರೇಷನ್ ಬಂತು

ಈಗ ಯುದ್ಧದ ಮಾತು. 1942ರ ಮಾರ್ಚ್‌ನಲ್ಲಿ ಜಪಾನಿನ ಸೈನ್ಯ ರಂಗೂನ್ ಹಿಡಿಯಿತು. ಬರ್ಮಾದಲ್ಲಿ ಆಗ ನಮ್ಮವರು ಲಕ್ಷಗಟ್ಟಲೆ ಇದ್ದರು. ಬಂದರಿನ ಕೂಲಿಗಳು, ಗುಮಾಸ್ತರು, ವ್ಯಾಪಾರಿಗಳು. ಕೆಳ ಬರ್ಮಾದ ಮುಖ್ಯ ಭತ್ತದ ಜಿಲ್ಲೆಗಳಲ್ಲಿ ಸುಮಾರು ಕಾಲು ಭಾಗ ಭೂಮಿ ಸಾಲದ ಲೆಕ್ಕದಲ್ಲಿ ಚೆಟ್ಟಿಯಾರರ ಕೈಗೆ ಬಂದಿತ್ತು. ಎಲ್ಲ ಬಿಟ್ಟು ಜನ ಹೊರಟರು. ನಾಲ್ಕೈದು ಲಕ್ಷ ಮಂದಿ ಭಾರತದ ಕಡೆ ಬಂದರು ಅಂತ ಲೆಕ್ಕ. ಅದರಲ್ಲಿ ಬಹಳ ಮಂದಿ ಕಾಡು, ಬೆಟ್ಟ ಹಾದು ನಡೆದೇ ಬಂದವರು. ದಾರಿಯಲ್ಲಿ ಹಸಿವು, ಕಾಲರಾ, ಮಲೇರಿಯಾಗಳಿಗೆ ಸಾವಿರಾರು ಜನ ಬಲಿಯಾದರು. ಬರ್ಮಾ ಅಕ್ಕಿ ಬರುವುದು ನಿಂತಿತು. ಅಕ್ಕಿಗೆ ಬೆಲೆ ಏರಿತು, ರೇಷನ್ ಚೀಟಿ ಬಂತು.

ಅದೇ ಏಪ್ರಿಲ್‌ನಲ್ಲಿ ವಿಶಾಖಪಟ್ಟಣದ ಮೇಲೆ ಜಪಾನಿನ ಬಾಂಬು ಬಿತ್ತು. ಮದರಾಸಿನ ಜನ ಗಂಟುಮೂಟೆ ಕಟ್ಟಿ ಊರು ಬಿಟ್ಟರು. 1943ರ ಅಕ್ಟೋಬರ್‌ನಲ್ಲಿ ಒಂದು ವಿಮಾನ ಬಂದು ಮದರಾಸಿನ ಮೇಲೂ ಬಾಂಬು ಹಾಕಿ ಹೋಯಿತು. ಸಮುದ್ರದಿಂದ ದೂರದ ಸೇಲಂ, ಕೊಯಮತ್ತೂರು ಸ್ಟುಡಿಯೋಗಳು ಆ ದಿನಗಳಲ್ಲಿ ಸಿನಿಮಾದವರಿಗೆ ಒಳ್ಳೆಯ ಆಸರೆ.

ಅಕ್ಕಿಗೆ ಬಂದ ಹಾಗೇ ಸಿನಿಮಾ ರೀಲಿಗೂ ರೇಷನ್ ಬಂತು. ರೀಲು ಹಡಗಿನಲ್ಲಿ ಹೊರದೇಶದಿಂದ ಬರಬೇಕಾದ ಸರಕು, ಹಡಗುಗಳೆಲ್ಲ ಯುದ್ಧಕ್ಕೆ. ಮೊದಲು ತಮಿಳು ಚಿತ್ರ ಅಂದರೆ ಹದಿನೆಂಟು, ಇಪ್ಪತ್ತು ಸಾವಿರ ಅಡಿ. ಮೂರು ಗಂಟೆ ಮೀರಿ, ಮೂವತ್ತು ನಲವತ್ತು ಹಾಡು. ಸರ್ಕಾರ ಅದನ್ನು 11,000 ಅಡಿಗೆ ಕತ್ತರಿಸಿತು. ನಿಮಿಷಕ್ಕೆ 90 ಅಡಿ ಓಡುತ್ತೆ ಅಂತ ಹಿಡಿದರೆ ಎರಡು ಗಂಟೆಯ ಚಿತ್ರ. 1943ರಿಂದ ರೀಲಿಗೆ ಲೈಸೆನ್ಸು. ರೀಲು ಬೇಕು ಅಂದರೆ ಯುದ್ಧಕ್ಕೆ ಸಹಾಯ ಆಗುವ ಚಿತ್ರವನ್ನೂ ಮಾಡಿಕೊಡಬೇಕು ಅಂತ ಮೇಲಿಂದ ಒತ್ತಾಯ. ಪರ್ಮಿಟ್ ಕೊಟ್ಟವನ ಮಾತು ಕೇಳದೆ ವ್ಯಾಪಾರ ನಡೆಯುವುದಿಲ್ಲ ಅನ್ನೋದು ಮಂಡಿಯಲ್ಲಿ ಕೂತ ಯಾರಿಗೆ ಗೊತ್ತಿಲ್ಲ? ಕೆ. ಸುಬ್ರಹ್ಮಣ್ಯಂ ಅವರ 1939ರ 'ತ್ಯಾಗಭೂಮಿ'ಯನ್ನು ಸ್ವಾತಂತ್ರ್ಯದ ಪರ ಅಂತ ಬ್ರಿಟಿಷ್ ಸರ್ಕಾರ ನಿಷೇಧಿಸಿತ್ತು. ಅದೇ ಸುಬ್ರಹ್ಮಣ್ಯಂ ಅವರೇ 1945ರಲ್ಲಿ 'ಮಾನಸಂರಕ್ಷಣಂ' ಅನ್ನೋ ಯುದ್ಧದ ಚಿತ್ರ ಮಾಡಬೇಕಾಯಿತು.

ಸೇಲಂನಲ್ಲಿ ಆ ಕೆಲಸ ಕೈಗೆತ್ತಿಕೊಂಡವರು ಮಾಡರ್ನ್ ಥಿಯೇಟರ್ಸ್‌ನ ಟಿ.ಆರ್. ಸುಂದರಂ. ಇವರು ತಿರುಚ್ಚೆಂಗೋಡಿನವರು. ನೂಲು ಬಟ್ಟೆ ವ್ಯಾಪಾರದ ಮನೆತನ, ಜವಳಿ ವಿದ್ಯೆ ಕಲಿಯೋಕೆ ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿ ಬಂದವರು. ಮಿಲ್ಲು ನಡೆಸುವ ಹಾಗೆ ಸಿನಿಮಾ ನಡೆಸಿದರು. ಹೊತ್ತಿಗೆ ಸರಿಯಾಗಿ ಕೆಲಸ, ತಿಂಗಳಿಗೆ ಸಂಬಳ, ಹೇಳಿದ ದಿನ ಚಿತ್ರ ತಯಾರು. ಮಲಯಾಳದ ಮೊದಲ ಮಾತಿನ ಚಿತ್ರ 'ಬಾಲನ್' (1938) ತಯಾರಾದದ್ದು ಅವರ ಸ್ಟುಡಿಯೋದಲ್ಲಿ. ತಮಿಳಿನ ಮೊದಲ ಪೂರ್ಣ ವರ್ಣಚಿತ್ರ 'ಅಲಿಬಾಬಾವುಂ 40 ತಿರುಡರ್ಗಳುಂ' (1956) ಕೂಡ ಅವರದೇ. ಅಂಥ ಸುಂದರಂ 1945ರಲ್ಲಿ 'ಬರ್ಮಾ ರಾಣಿ' ತೆಗೆದರು. ನಾಯಕ ನಮ್ಮ ಹೊನ್ನಪ್ಪ ಭಾಗವತರು.

ಪರದೆಯ ಮೇಲಿನ ಬರ್ಮಾ

ಕಥೆ ಹೀಗೆ. ಭಾರತದ ವಿಮಾನಪಡೆಯ ಯುವಕರು ಜಪಾನಿನ ವಶದಲ್ಲಿರುವ ಬರ್ಮಾದ ಮೇಲೆ ಹಾರುತ್ತಾರೆ. ವಿಮಾನ ನೆಲಕ್ಕೆ ಬೀಳುತ್ತೆ. ಬದುಕಿ ಉಳಿದವರು ಬೌದ್ಧ ವಿಹಾರದಲ್ಲಿ ತಲೆಮರೆಸಿಕೊಳ್ಳುತ್ತಾರೆ. ಅಲ್ಲಿ ಜಪಾನಿಯರ ವಿರುದ್ಧ ಗುಟ್ಟಾಗಿ ಕೆಲಸ ಮಾಡುವ ಕೂಟವೊಂದರ ಸಂಪರ್ಕ. ಅದರಲ್ಲಿ ಒಬ್ಬ ಗೂಢಚಾರಿಣಿ, ಅವಳೇ ರಾಣಿ. ಆ ಪಾತ್ರ ಮಾಡಿದ್ದು ಕೆ.ಎಲ್.ವಿ. ವಸಂತಾ. ಶತ್ರು ಸೇನಾಧಿಕಾರಿಯಾಗಿ ಸ್ವತಃ ಮಾಲೀಕ ಸುಂದರಂ ಅವರೇ ಬಣ್ಣ ಹಚ್ಚಿದರು. ವೇಷ ಬದಲಾವಣೆ, ಬೆನ್ನಟ್ಟುವುದು, ಗುಂಡಿನ ಸದ್ದು, ಮಧ್ಯೆ ಆಗಿನ ತಮಿಳು ಚಿತ್ರಗಳ ಪದ್ಧತಿಯಂತೆ ನಗಿಸುವ ದೃಶ್ಯಗಳು, ಹಾಡುಗಳು. ಬರ್ಮಾ ಅಂದರೆ ಸೇಲಂನ ಸ್ಟುಡಿಯೋ, ಏರ್ಕಾಡ್ ಬೆಟ್ಟದ ತಪ್ಪಲು.

ಪುರಾಣದ ಕಿರೀಟ ತೊಟ್ಟು ರೂಢಿಯಾಗಿದ್ದ ಹೊನ್ನಪ್ಪನವರಿಗೆ ಇಲ್ಲಿ ವಿಮಾನಪಡೆಯ ಯೂನಿಫಾರಂ. ಕುರುಕ್ಷೇತ್ರದ ಆನೆ ಕುದುರೆ ನೋಡಿದ ಕಂಪನಿ ಹುಡುಗನಿಗೆ ಹೊಸ ಕಾಲದ ಯುದ್ಧ. ಕತ್ತಿ ಹಿಡಿದವನು ಹಾಡುವುದನ್ನು ಜನ ಒಪ್ಪಿದ್ದರು, ಬಂದೂಕು ಹಿಡಿದವನು ಹಾಡಿದರೂ ಒಪ್ಪಿದರು.

ಈ ಕಥೆ ಪೂರಾ ಕಟ್ಟುಕತೆಯೂ ಅಲ್ಲ. 1942ರ ಮೊದಲ ತಿಂಗಳುಗಳಲ್ಲಿ ಭಾರತೀಯ ವಿಮಾನಪಡೆಯ ಒಂದನೇ ಸ್ಕ್ವಾಡ್ರನ್ ಕೆ.ಕೆ. ಮಜುಂದಾರ್ ಅವರ ಮುಂದಾಳ್ತನದಲ್ಲಿ ಬರ್ಮಾದಲ್ಲಿ ಹಾರಿತ್ತು. ಬೆಂಗಳೂರಿನಲ್ಲಿ 1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧದ ದಿನಗಳಲ್ಲಿ ಅಮೆರಿಕದವರ ವಿಮಾನಗಳನ್ನು ರಿಪೇರಿ ಮಾಡುತ್ತಿತ್ತು. ಅಂದರೆ ಚೌಡಸಂದ್ರದ ಆಕಾಶದಲ್ಲಿ ಸದ್ದು ಮಾಡಿದ ವಿಮಾನ ಬರ್ಮಾದ ಆಕಾಶದಲ್ಲೂ ಹಾರಿದ್ದಿರಬಹುದು. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್ ಪಡೆಯ ನಮ್ಮ ಸೀಮೆಯ ಹುಡುಗರು ಬರ್ಮಾದ ನದಿಗಳಿಗೆ ಸೇತುವೆ ಹಾಕಿದರು. ಬ್ರಿಟಿಷರ ಹದಿನಾಲ್ಕನೇ ಸೇನೆ ಅಂತ ಹೆಸರಾದ ಸೈನ್ಯದಲ್ಲಿ ಹೆಚ್ಚಿನವರು ಭಾರತೀಯರೇ.

ಯಾರ ದೇಶಭಕ್ತಿ?

ಇನ್ನೊಂದು ಪಕ್ಕವೂ ಇದೆ. ಅದನ್ನು ಮುಚ್ಚಿಟ್ಟರೆ ಕಥೆ ಅರ್ಧ.

ಅದೇ ಬರ್ಮಾದಲ್ಲಿ ಅದೇ ವರ್ಷಗಳಲ್ಲಿ ಸುಭಾಷ್ ಚಂದ್ರ ಬೋಸರ ಆಜಾದ್ ಹಿಂದ್ ಫೌಜ್ ಜಪಾನಿನ ಜೊತೆ ನಿಂತು ಬ್ರಿಟಿಷರ ವಿರುದ್ಧ ಹೋರಾಡುತ್ತಿತ್ತು. 1944ರ ಜನವರಿಯಲ್ಲಿ ಆಜಾದ್ ಹಿಂದ್ ಸರ್ಕಾರದ ಕಚೇರಿ ರಂಗೂನಿಗೇ ಬಂತು. ಮದರಾಸಿನ ಡಾಕ್ಟರು ಕ್ಯಾಪ್ಟನ್ ಲಕ್ಷ್ಮಿ ಅವರ ಕೈಕೆಳಗೆ ಝಾನ್ಸಿ ರಾಣಿ ಪಡೆ. ಮಲಯಾದ ರಬ್ಬರ್ ತೋಟಗಳಲ್ಲಿ ಹಾಲು ಇಳಿಸುತ್ತಿದ್ದ ತಮಿಳು ಕೂಲಿಗಳ ಮನೆಯ ಹೆಣ್ಣುಮಕ್ಕಳು ಅದರಲ್ಲಿ ಬಂದೂಕು ಹಿಡಿದರು. ಮೈಸೂರು ಸಂಸ್ಥಾನದ ಪದಾತಿದಳವೊಂದು 1942ರಲ್ಲಿ ಸಿಂಗಪುರದಲ್ಲಿ ಜಪಾನಿಯರಿಗೆ ಸೆರೆಸಿಕ್ಕಿತ್ತು. ಹೀಗೆ ಬರ್ಮಾದಲ್ಲಿ ನಿಜವಾಗಿ ಎರಡು ರಾಣಿಯರು. ಸೇಲಂನ ಪರದೆಯ ರಾಣಿ ಜಪಾನಿನ ವಿರುದ್ಧ, ರಂಗೂನಿನ ಝಾನ್ಸಿ ರಾಣಿಯರು ಬ್ರಿಟಿಷರ ವಿರುದ್ಧ. ಇಬ್ಬರೂ ದೇಶದ ಹೆಸರನ್ನೇ ಹೇಳಿದರು.

ಊರಲ್ಲಿ ಏನಾಗ್ತಿತ್ತು? 1942ರ ಆಗಸ್ಟ್‌ನಿಂದ ಕ್ವಿಟ್ ಇಂಡಿಯಾ ಚಳವಳಿ. ಶಿಕಾರಿಪುರ ತಾಲ್ಲೂಕಿನ ಈಸೂರಿನ ರೈತರು ತಮ್ಮ ಊರೇ ಸ್ವತಂತ್ರ ಅಂತ ಸಾರಿದರು. 1943ರಲ್ಲಿ ಆ ಊರಿನವರನ್ನು ಗಲ್ಲಿಗೇರಿಸಿದರು. ಗಾಂಧಿ, ನೆಹರೂ ಜೈಲಿನಲ್ಲಿ. ಈ ಕಡೆ ಟೆಂಟಿನಲ್ಲಿ ಬ್ರಿಟಿಷರ ಪಕ್ಷದಲ್ಲಿ ಯುದ್ಧ ಮಾಡುವ ಹಾಡುಗಾರ ಹೀರೋ. ಬರ್ಮಾದವರೂ ಹಾಗೇ. ಮೊದಲು ಜಪಾನಿನ ಜೊತೆ ಬಂದ ಆಂಗ್ ಸಾನ್ ಅವರ ಸೈನ್ಯ 1945ರ ಮಾರ್ಚ್‌ನಲ್ಲಿ ಜಪಾನಿನ ವಿರುದ್ಧವೇ ತಿರುಗಿತು. ಮೇ ತಿಂಗಳಲ್ಲಿ ರಂಗೂನ್ ಮತ್ತೆ ಬ್ರಿಟಿಷರ ಕೈಗೆ. ಅದೇ ವರ್ಷದ ನವೆಂಬರ್‌ನಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಅಧಿಕಾರಿಗಳ ವಿಚಾರಣೆ ಶುರುವಾದಾಗ ಇಡೀ ದೇಶ ಆ ಸೈನಿಕರ ಬೆನ್ನಿಗೆ ನಿಂತಿತು. 'ಬರ್ಮಾ ರಾಣಿ' ಹೇಳಿದ ದೇಶಭಕ್ತಿ ಕೆಲವೇ ತಿಂಗಳಲ್ಲಿ ಹಳತಾಗಿಹೋಯಿತು.

ಹಾಗಾದರೆ ಹೊನ್ನಪ್ಪನವರು ಬ್ರಿಟಿಷರ ಕಡೆಯವರೇ? ನಾನು ಹಾಗೆ ಹೇಳಲಾರೆ. ಯುದ್ಧದ ಕಾಲದಲ್ಲಿ ರೇಷನ್ ಅಂಗಡಿಯವನು ಸರ್ಕಾರದ ಅಕ್ಕಿ ಅಳೆದ ಮಾತ್ರಕ್ಕೆ ಸರ್ಕಾರದ ಭಕ್ತನಾಗುವುದಿಲ್ಲ. ನಟ ತಾನು ಸಹಿ ಹಾಕಿದ ಚಿತ್ರದಲ್ಲಿ ನಟಿಸಿದರು, ಕೊಟ್ಟ ಹಾಡು ಹಾಡಿದರು. ಹಾಗಂತ ಆ ಚಿತ್ರ ಮಾಡಿದ್ದು ದೇಶಸೇವೆ ಅಂತ ಈಗ ಹೊಗಳುವುದೂ ಬೇಡ. ರಂಗೂನಿನಿಂದ ನಡೆದು ಬಂದ ಆ ಸತ್ಯಮಂಗಲದ ಮನುಷ್ಯ ಅರ್ಧಕ್ಕೇ ಎದ್ದು ಬಂದದ್ದು ಸುಮ್ಮನೆ ಅಲ್ಲ. ದಾರಿಯಲ್ಲಿ ಹೆಣ ಕಂಡವನಿಗೆ ಸ್ಟುಡಿಯೋದ ಗುಂಡಿನ ಸದ್ದು ನಗೆಪಾಟಲು ಅನ್ನಿಸಿದ್ದರೆ ತಪ್ಪೇನಿಲ್ಲ. ಸಿಟ್ಟು ಅವರದು ನ್ಯಾಯ. ಹಾಡು ಮರೆಯಲಾಗಲಿಲ್ಲ, ಅದೂ ನಿಜ. ಎರಡೂ ಒಂದೇ ಎದೆಯಲ್ಲಿ ಇರಬಹುದು.

ಸಿಕ್ಕಿದ್ದನ್ನು ಊರಿಗೆ ತಂದರು

1944ರ ಕೊನೆಗೆ ಮದರಾಸಿನಲ್ಲಿ ಲಕ್ಷ್ಮೀಕಾಂತನ್ ಕೊಲೆ ಮೊಕದ್ದಮೆಯಲ್ಲಿ ತ್ಯಾಗರಾಜ ಭಾಗವತರ್ ಮತ್ತು ಹಾಸ್ಯನಟ ಎನ್.ಎಸ್. ಕೃಷ್ಣನ್ ಬಂಧನವಾಯಿತು. ಅವರು ಬಿಡುಗಡೆಯಾಗಿ ಹೊರಬಂದದ್ದು 1947ರಲ್ಲಿ. ತ್ಯಾಗರಾಜ ಭಾಗವತರ್ ಮಾಡಬೇಕಿದ್ದ 'ಶ್ರೀ ಮುರುಗನ್' ಚಿತ್ರ ಹೊನ್ನಪ್ಪನವರ ಕೈಗೆ ಬಂತು. 1946ರಲ್ಲಿ ತೆರೆಕಂಡ ಆ ಚಿತ್ರದಲ್ಲಿ ಮುರುಗನ್ ನಮ್ಮ ಚೌಡಸಂದ್ರದವರು. ಶಿವನಾಗಿ ತಾಂಡವ ಆಡಿದವರು ಆಗಿನ್ನೂ ಚಿಕ್ಕ ಪಾತ್ರಗಳ ನಟ ಎಂ.ಜಿ. ರಾಮಚಂದ್ರನ್. ಪಳನಿಗೆ ಕಾವಡಿ ಹೊತ್ತುಕೊಂಡು ಹೋಗುವ ನಮ್ಮ ಬೆಟ್ಟದ ಜನ ಇದನ್ನು ಒಂದು ಸಲ ನೆನಪಿಟ್ಟುಕೊಳ್ಳಬೇಕು. ಅದೇ ವರ್ಷ ಕೊಯಮತ್ತೂರಿನ ಸೆಂಟ್ರಲ್ ಸ್ಟುಡಿಯೋದವರ 'ವಾಲ್ಮೀಕಿ'ಯಲ್ಲೂ ಅವರೇ ನಾಯಕರು.

ಬೇಡಿಕೆ ಅಷ್ಟಿರುವಾಗ ಸಾಮಾನ್ಯ ಮನುಷ್ಯ ಅಲ್ಲೇ ಮನೆ ಕಟ್ಟಿ ಕೂತುಬಿಡುತ್ತಾನೆ. ಹೊನ್ನಪ್ಪನವರು ಕನ್ನಡದ ಕಡೆ ಮುಖ ತಿರುಗಿಸಿದರು. ಗುಬ್ಬಿ ವೀರಣ್ಣನವರ ಜೊತೆ 'ಹೇಮರೆಡ್ಡಿ ಮಲ್ಲಮ್ಮ', 1949ರಲ್ಲಿ 'ಭಕ್ತ ಕುಂಬಾರ'. ಕನ್ನಡ ಮಾರುಕಟ್ಟೆ ಆಗ ಚಿಕ್ಕದು. ಮೈಸೂರು ಸಂಸ್ಥಾನ ಒಂದು ಕಡೆ, ಬೊಂಬಾಯಿ ಕರ್ನಾಟಕ ಒಂದು ಕಡೆ, ಹೈದರಾಬಾದ್ ಕರ್ನಾಟಕ ಇನ್ನೊಂದು ಕಡೆ, ಕೊಳ್ಳೇಗಾಲ ಮತ್ತು ನಮ್ಮ ತಾಳವಾಡಿ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿ. ಹೀಗೆ ಚೂರುಚೂರಾದ ನಾಡಿನಲ್ಲಿ ಚಿತ್ರಕ್ಕೆ ಹಾಕಿದ ಹಣ ವಾಪಸ್ ಬರುವುದೇ ಅನುಮಾನ. ಅಂಥ ಕಡೆ ತಮಿಳಿನಲ್ಲಿ ಗಳಿಸಿದ್ದನ್ನು ತಂದು ಸುರಿಯುವುದು ಲೆಕ್ಕ ಬಲ್ಲ ವ್ಯಾಪಾರಿ ಮಾಡುವ ಕೆಲಸ ಅಲ್ಲ.

1955ರಲ್ಲಿ ಅವರೇ ನಿರ್ಮಾಪಕರಾಗಿ 'ಮಹಾಕವಿ ಕಾಳಿದಾಸ' ತಂದರು. ನಿರ್ದೇಶನ ಕು.ರಾ. ಸೀತಾರಾಮ ಶಾಸ್ತ್ರಿ. ಕುರಿ ಕಾಯುವ ದಡ್ಡ ಹುಡುಗ ಕಾಳಿಯ ದಯೆಯಿಂದ ಮಹಾಕವಿಯಾದ ಕಥೆ. ನಾಯಕ ಸ್ವತಃ ಹೊನ್ನಪ್ಪನವರು. ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಕನ್ನಡದ ಅತ್ಯುತ್ತಮ ಚಿತ್ರದ ಮನ್ನಣೆ ಅದಕ್ಕೆ ಬಂತು. ಅದರಲ್ಲೇ ಬೆಂಗಳೂರಿನ ಹದಿನೇಳರ ಒಬ್ಬ ಹುಡುಗಿಯನ್ನು ಅವರು ಮೊದಲ ಸಲ ಪರದೆಗೆ ತಂದರು. ಅವರೇ ಬಿ. ಸರೋಜಾದೇವಿ. ಮೂರೇ ವರ್ಷದಲ್ಲಿ, 1958ರಲ್ಲಿ, ಎಂ.ಜಿ.ಆರ್. ಅವರ 'ನಾಡೋಡಿ ಮನ್ನನ್'ನಲ್ಲಿ ಬಂದು ತಮಿಳರು ಕನ್ನಡದ ಗಿಳಿ ಅಂತ ಕರೆಯುವ ನಟಿಯಾದರು. 1961ರಲ್ಲಿ ಅದೇ ಸರೋಜಾದೇವಿ 'ಕಿತ್ತೂರು ಚೆನ್ನಮ್ಮ'. ಬ್ರಿಟಿಷರ ಎದುರು ಕತ್ತಿ ಹಿಡಿದ ನಮ್ಮದೇ ರಾಣಿ. ಬರ್ಮಾ ರಾಣಿಯ ಹೀರೋ ಪರಿಚಯಿಸಿದ ಹುಡುಗಿ ಕಿತ್ತೂರಿನ ರಾಣಿಯಾದಳು. 2025ರ ಜುಲೈನಲ್ಲಿ ಅವರು ತೀರಿಕೊಂಡಾಗ ಎರಡೂ ರಾಜ್ಯ ಅತ್ತಿತು.

ಗಾಜನೂರಿನ ನಂಟು

1959ರ 'ಜಗಜ್ಯೋತಿ ಬಸವೇಶ್ವರ' ನಮ್ಮ ಕಡೆಯವರಿಗೆ ಬಲು ಹತ್ತಿರದ ಚಿತ್ರ. ಬಸವಣ್ಣನಾಗಿ ಹೊನ್ನಪ್ಪ ಭಾಗವತರು, ಬಿಜ್ಜಳನಾಗಿ ನಮ್ಮ ಗಾಜನೂರಿನ ರಾಜ್‌ಕುಮಾರ್. ಗುಬ್ಬಿ ಕಂಪನಿಯ ಹಿರಿಯ ತಲೆಮಾರು ಮತ್ತು ಕಿರಿಯ ತಲೆಮಾರು ಎದುರುಬದುರು. ಹಾಡಿ ನಟಿಸುವ ಕಾಲ ಮುಗೀತಾ ಬಂದಿತ್ತು. ಹಿನ್ನೆಲೆ ಗಾಯಕರು ಬಂದಿದ್ದರು, ಜನ ಬೇರೆ ರೀತಿಯ ನಟನೆ ಕೇಳುತ್ತಿದ್ದರು. ಹೊನ್ನಪ್ಪನವರು ಮೆಲ್ಲಗೆ ಸರಿದು ದಾರಿ ಬಿಟ್ಟರು.

ಆಮೇಲೆ ನಡೆದದ್ದು ನೋಡಿ. ಹೊನ್ನಪ್ಪನವರು 1949ರಲ್ಲಿ ಮಾಡಿದ 'ಭಕ್ತ ಕುಂಬಾರ'ವನ್ನು 1974ರಲ್ಲಿ ರಾಜ್‌ಕುಮಾರ್ ಮಾಡಿದರು. 1955ರ ಕಾಳಿದಾಸ 1983ರಲ್ಲಿ 'ಕವಿರತ್ನ ಕಾಳಿದಾಸ'ನಾಗಿ ಮತ್ತೆ ಬಂದ, ಅದೂ ರಾಜ್‌ಕುಮಾರ್. ಗೂಢಚಾರಿಕೆಯ ಕಥೆಯೂ ತಪ್ಪಲಿಲ್ಲ. 1968ರ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಸಿ.ಐ.ಡಿ. 999. ಒಂದೇ ವ್ಯತ್ಯಾಸ. ಹೊನ್ನಪ್ಪನವರು ಹಾಡಿಕೊಂಡು ಗೂಢಚಾರರ ಕೂಟ ಸೇರಲು ಸೇಲಂಗೆ ಹೋಗಬೇಕಾಗಿತ್ತು, ತಮಿಳಿನಲ್ಲಿ ಹಾಡಬೇಕಾಗಿತ್ತು. ರಾಜ್‌ಕುಮಾರ್ ಹೊತ್ತಿಗೆ ಅದನ್ನು ಕನ್ನಡದಲ್ಲೇ ಮಾಡುವಷ್ಟು ಕನ್ನಡ ಚಿತ್ರರಂಗಕ್ಕೆ ಶಕ್ತಿ ಬಂದಿತ್ತು. ಆ ಶಕ್ತಿಗೆ ಕಲ್ಲು ಹೊತ್ತವರಲ್ಲಿ ಹೊನ್ನಪ್ಪನವರೂ ಒಬ್ಬರು.

1956ರ ನವೆಂಬರ್ 1ರಂದು ಗಡಿ ಗೆರೆ ಎಳೆದಾಗ ಕೊಳ್ಳೇಗಾಲ ಆ ಕಡೆ ಹೋಯಿತು, ತಾಳವಾಡಿ ಈ ಕಡೆ ಉಳಿಯಿತು. ಅಂದಿನಿಂದ ನಮ್ಮನ್ನು ಕೇಳುವವರು ಕೇಳುತ್ತಲೇ ಇದ್ದಾರೆ, ನೀವು ಯಾವ ಕಡೆಯವರು ಅಂತ. ಶಾಲೆಯಲ್ಲೊಂದು ಭಾಷೆ, ಮನೆಯಲ್ಲೊಂದು, ಕಚೇರಿಯಲ್ಲೊಂದು. ಗಲಾಟೆ ಆದ ದಿನಗಳಲ್ಲಿ ನಂಬರ್ ಪ್ಲೇಟು ನೋಡಿ ಲಾರಿಗೆ ಕಲ್ಲು ಹೊಡೆದದ್ದನ್ನೂ ಕಂಡಿದ್ದೇವೆ. ಅಂಥ ಹೊತ್ತಲ್ಲಿ ನನಗೆ ಹೊನ್ನಪ್ಪನವರು ನೆನಪಾಗುತ್ತಾರೆ. ಅವರು ತಮಿಳು ಹಾಡಿದರು, ತಮಿಳರು ಅವರನ್ನು ಮುರುಗನ್ ಅಂತ ಕೈಮುಗಿದರು. ಅದರಿಂದ ಅವರ ಕನ್ನಡ ಒಂದು ತೊಲದಷ್ಟೂ ಕಮ್ಮಿ ಆಗಲಿಲ್ಲ. ಕನ್ನಡಕ್ಕೆ ಮರಳಿದರು, ಹಾಗಂತ ಉಂಡ ತಮಿಳು ಮನೆಗೆ ಕಲ್ಲು ಹೊಡೆಯಲಿಲ್ಲ.

ಹೊನ್ನಪ್ಪ ಭಾಗವತರು 1992ರ ಅಕ್ಟೋಬರ್ 2ರಂದು ತೀರಿಕೊಂಡರು. ಅಂದು ಗಾಂಧಿ ಜಯಂತಿ. ಅವರನ್ನು ಯುದ್ಧಕ್ಕೆ ಕಳಿಸಿದ ಸುಂದರಂ 1963ರಲ್ಲೇ ತೀರಿಕೊಂಡಿದ್ದರು. ನೂರರ ಆಸುಪಾಸು ಚಿತ್ರ ತೆಗೆದ ಆ ಸ್ಟುಡಿಯೋದಲ್ಲಿ, ಏರ್ಕಾಡ್ ರಸ್ತೆ ಪಕ್ಕ, ಹೆಬ್ಬಾಗಿಲ ಕಮಾನೊಂದೇ ಗುರುತಿಗೆ ಉಳಿಯಿತು. ಅರಿಶಿನದ ಲೋಡು ಹಿಡಿದು ಸೇಲಂ ಕಡೆ ಹೋಗುವ ನಮ್ಮ ಡ್ರೈವರುಗಳು ಆ ಕಮಾನು ಕಂಡರೆ ಒಂದು ನಿಮಿಷ ನಿಲ್ಲಿಸಿ ನೋಡಲಿ. ಅದರ ಒಳಗೇ ಒಂದು ಕಾಲದಲ್ಲಿ ಬರ್ಮಾ ಇತ್ತು. ಆ ಬರ್ಮಾದಲ್ಲಿ ನಮ್ಮ ನೆಲಮಂಗಲದ ರೈತನಾಡಿನ ಹುಡುಗ ವಿಮಾನದಿಂದ ಬಿದ್ದು ಎದ್ದು ಹಾಡಿದ್ದ.

ಸತ್ಯಮಂಗಲದ ಆ ಹಿರಿಯರು ಮತ್ತೆ ಘಾಟಿಯಲ್ಲಿ ಸಿಕ್ಕಿಲ್ಲ. ಸಿಕ್ಕರೆ ಈ ಪುಟ ಅವರ ಕೈಗೆ ಕೊಡುವವನಿದ್ದೇನೆ. ಕನ್ನಡ ಓದೋಕೆ ಬಾರದಿದ್ದರೆ ಚಹಾ ಆರುವುದರೊಳಗೆ ನಾನೇ ತಮಿಳಿನಲ್ಲಿ ಹೇಳಿ ಮುಗಿಸುತ್ತೇನೆ.